ಅಧಿಕಾರಿಗಳ ನಾಯಕತ್ವ ಶಿಕ್ಷಣ

ಮೈಸೂರಿನ ಆಡಳಿತ ತರಬೇತಿ ಸಂಸ್ಥೆಯಲ್ಲಿ ನಮ್ಮ ರಾಜ್ಯದ ಅಧಿಕಾರಿಗಳಿಗೆ ಕಾನೂನು, ಕಂದಾಯಗಳ ಜೊತೆಗೆ ನಾಯಕತ್ವವನ್ನೂ ಬೋಧಿಸಲಾಗುತ್ತಿದೆ. ಕೇಂದ್ರ ಸರ್ಕಾರದವರು 2020ರಲ್ಲಿ ಅಂಗೀಕರಿಸಿದ ಕರ್ಮಯೋಗಿ ಯೋಜನೆಯ ಆಶಯವೂ ಇಂಥದೇ. ಇದು ಸ್ತುತ್ಯವಾದ ಕಾರ್ಯವೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಕಡತವನ್ನು ಮೇಲಕ್ಕೆ ಕಳುಹಿಸಿ ಕೈತೊಳೆದುಕೊಳ್ಳುವುದು ಅಧಿಕಾರವಲ್ಲ. ಹೊಣೆ ಹೊತ್ತು ತೀರ್ಮಾನಿಸುವುದೇ ಅಧಿಕಾರ.

ಆದರೆ ತರಗತಿಯಲ್ಲಿ ಕಲಿತ ಧೈರ್ಯವು ಕಚೇರಿಯಲ್ಲಿ ಉಳಿಯುವ ಬಗೆ ಹೇಗೆ? ತಾಲ್ಲೂಕಿನ ಕೆರೆಕಟ್ಟೆಗಳನ್ನೂ ಜಮೀನಿನ ತಕರಾರುಗಳನ್ನೂ ಅರಿಯುವಷ್ಟರಲ್ಲೇ ತಹಶೀಲ್ದಾರರಿಗೆ ವರ್ಗದ ಆಜ್ಞೆ ಬಂದರೆ, ಬಾಯಿಮಾತಿನ ಅಪ್ಪಣೆಗೆ ಮಣಿಯದವರಿಗೆ ಆ ವರ್ಗವೇ ಶಿಕ್ಷೆಯಾದರೆ, ಕೊಟ್ಟ ಶಿಕ್ಷಣವೆಲ್ಲ ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತೆಯೇ ಸರಿ.

ಟಿ. ಎಸ್. ಆರ್. ಸುಬ್ರಮಣಿಯನ್ ಮೊದಲಾದ ನಿವೃತ್ತ ಅಧಿಕಾರಿಗಳು ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2013ರಲ್ಲಿಯೇ, ಅಧಿಕಾರಿಗಳಿಗೆ ಕನಿಷ್ಠ ಸೇವಾವಧಿ ಗೊತ್ತಾಗಬೇಕೆಂದೂ ಮೌಖಿಕ ಆದೇಶಗಳನ್ನು ಬರಹಕ್ಕಿಳಿಸಬೇಕೆಂದೂ ನಿರ್ದೇಶಿಸಿತು. ಆ ನಿರ್ದೇಶವನ್ನು ಅಕ್ಷರಶಃ ನಡೆಸುವುದು ಬೋಧನೆಯಷ್ಟೇ ಅಗತ್ಯವೆಂದು ನಮ್ಮ ಅಭಿಪ್ರಾಯ. ಸರ್ಕಾರದವರು ಅಧಿಕಾರಿಗಳನ್ನು ಮೈಸೂರಿಗೆ ಅವಶ್ಯವಾಗಿ ಕಳುಹಿಸಲಿ. ಹಿಂದಿರುಗಿದ ಬಳಿಕ ಒಂದೆಡೆ ನಿಂತು ಕೆಲಸಮಾಡಗೊಡಲಿ. ಪ್ರಜೆಗಳಿಗೆ ಬೇಕಾದುದು ಪ್ರಮಾಣಪತ್ರ ಪಡೆದ ನಾಯಕರಲ್ಲ, ತಮ್ಮ ಅರ್ಜಿಗೆ ಉತ್ತರ ಕೊಡುವ ಅಧಿಕಾರಿಗಳು.