ಕಿವಿಯಿಂದ ಹಿಡಿಯುವ ಮೀನು

‘ಸುಮ್ನಿರು ಮಾರಾಯ, ಕೇಳು’ ಎಂದು ಗೆಳೆಯ ನನ್ನ ಮೊಣಕೈ ಹಿಡಿದ.

ಜೂನ್ ತಿಂಗಳ ಕೊನೆ, ರಾತ್ರಿ ಹತ್ತೂವರೆ. ಎದೆವರೆಗೂ ಬರುವ ರಬ್ಬರ್ ಪೋಷಾಕು ತೊಟ್ಟು ಸೊಂಟಮಟ್ಟದ ನೀರಿನಲ್ಲಿ ನಿಂತಿದ್ದೆವು. ನೀರು ಒಳಗೆ ಬರುತ್ತಿರಲಿಲ್ಲ, ಅದರ ಚಳಿ ಮಾತ್ರ ಮೊಣಕಾಲಿನ ಮೂಳೆವರೆಗೂ ಇಳಿದಿತ್ತು. ಮೊದಲು ಏನೂ ಕೇಳಲಿಲ್ಲ. ಆಮೇಲೆ ಎದುರು ದಡದಲ್ಲಿ ಸೀಡರ್ ಮರವೊಂದು ಹೊಳೆಗೆ ಬಾಗಿದ್ದ ಕಡೆಯಿಂದ ಸದ್ದು ಬಂತು. ಅಜ್ಜ ಬಿಸಿ ಕಾಫಿಯನ್ನು ತಟ್ಟೆಗೆ ಸುರಿದುಕೊಂಡು ಹೀರುತ್ತಿದ್ದನಲ್ಲ, ಥೇಟ್ ಅದೇ ಸದ್ದು. ಹತ್ತು ಎಣಿಸುವಷ್ಟರಲ್ಲಿ ಮತ್ತೊಮ್ಮೆ, ಅದೇ ಜಾಗದಲ್ಲಿ. ‘ಅದು ಸಣ್ಣದಲ್ಲ’ ಎಂದ ಗೆಳೆಯ. ಅವನ ಮುಖ ನನಗೆ ಕಾಣುತ್ತಿರಲಿಲ್ಲ.

ಇದು ಅಮೆರಿಕದ ಮಿಷಿಗನ್ ರಾಜ್ಯದ ಓ ಸಾಬಲ್ ನದಿ. ಡೆಟ್ರಾಯಿಟ್‌ನಿಂದ ಉತ್ತರಕ್ಕೆ ಸುಮಾರು 320 ಕಿಲೋಮೀಟರ್, ಹೆದ್ದಾರಿಯಲ್ಲಿ ಮೂರು ತಾಸಿನ ದಾರಿ. ಅಲ್ಲಿನ ಕಾರು ಕಂಪನಿಗಳಲ್ಲಿ ದುಡಿಯುವ ಕನ್ನಡದವರು ಸಾಕಷ್ಟು ಮಂದಿ. ತೀರ್ಥಹಳ್ಳಿ ಕಡೆಯ ನನ್ನ ಗೆಳೆಯನೂ ಅವರಲ್ಲೊಬ್ಬ. ಆ ರಾತ್ರಿ ಅವನ ಜೊತೆ ಕೆಲಸ ಮಾಡುವ ಇಬ್ಬರು ಇದ್ದರು, ಜೊತೆಗೆ ಹೊಳೆದಂಡೆಯಲ್ಲೇ ಬಾಳಿದ ಒಬ್ಬ ಹಿರಿಯರು. ಮೊದಲ ಮಳೆಗೆ ಗದ್ದೆಬದುವಿನ ಹಳ್ಳ ಹತ್ತಿ ಬರುವ ಹತ್ತುಮೀನು ಹಿಡಿಯಲು ಗ್ಯಾಸ್‌ಲೈಟು ಹೊತ್ತು ರಾತ್ರಿಯೆಲ್ಲ ಅಲೆದ ಹುಡುಗರು ನಾವು. ಇರುಳು, ಹೊಳೆ, ಗೆಳೆಯರು ಎಂದರೆ ಇಬ್ಬರಿಗೂ ಬೇರೆ ಆಹ್ವಾನ ಬೇಕಿರಲಿಲ್ಲ. ಆದರೆ ಈ ಹೊಳೆಯಲ್ಲಿ ದೀಪವೇ ಶತ್ರು. ಹಣೆಯ ಟಾರ್ಚನ್ನು ಗಂಟು ಬಿಗಿಯುವುದಕ್ಕೆ ಮಾತ್ರ ಹಚ್ಚಬೇಕು, ಅದೂ ದಡದ ಕಡೆ ಮುಖ ತಿರುಗಿಸಿಕೊಂಡು, ಕೆಂಪು ಬೆಳಕಿನಲ್ಲಿ.

ಹಗಲಿನ ಬಿಸಿಲಲ್ಲಿ ಆಡಬೇಕಾದ ಈ ಗಾಳದ ಆಟ ಇರುಳಿಗೆ ಹೇಗೆ ಬಂತು? ಹಿರಿಯರನ್ನು ಕೇಳಿದ್ದಕ್ಕೆ, ಊರಿನ ಹೆಸರು ಗಮನಿಸಿದಿರಾ ಎಂದು ನನ್ನನ್ನೇ ಕೇಳಿದರು. ಹೊಳೆಯ ದಡದ ಆ ಊರಿನ ಹೆಸರು ಗ್ರೇಲಿಂಗ್. ಅದು ಒಂದು ಮೀನಿನ ಹೆಸರು. ಆ ಮೀನು ಅಲ್ಲಿ ಈಗ ಇಲ್ಲ.

ಗ್ರೇಲಿಂಗ್ ಎಂಬುದು ಟ್ರೌಟ್ ಮೀನಿನ ದೂರದ ನೆಂಟ. ಬೆನ್ನ ಮೇಲೆ ಹಾಯಿ ಬಿಚ್ಚಿದಂತೆ ದೊಡ್ಡ ರೆಕ್ಕೆ, ಅದರ ಮೇಲೆ ಬಣ್ಣದ ಚುಕ್ಕೆಗಳ ಸಾಲು. ಹಿಮನದಿಗಳು ಬಿಟ್ಟುಹೋದ ಆಳವಾದ ಮರಳಿನ ನೆಲ ಇದು. ‘ಓ ಸಾಬಲ್’ ಎಂಬ ಫ್ರೆಂಚ್ ಹೆಸರಿನಲ್ಲೂ ಮರಳಿದೆ. ಬಿದ್ದ ಮಳೆ, ಕರಗಿದ ಹಿಮವನ್ನೆಲ್ಲ ಈ ಮರಳು ಕುಡಿದು, ವರ್ಷವಿಡೀ ತಣ್ಣಗೆ, ಒಂದೇ ಸಮನೆ ಹೊಳೆಗೆ ಬಿಡುತ್ತದೆ. ಬೇಸಗೆಯಲ್ಲೂ ನೀರು ಬೆಚ್ಚಗಾಗಿ ಹಾಳಾಗುವುದಿಲ್ಲ. ಗ್ರೇಲಿಂಗ್ ಅಲ್ಲಿ ಸಾವಿರ ಸಾವಿರವಾಗಿ ಇತ್ತು. 1870ರ ದಶಕದಲ್ಲಿ ರೈಲು ಬಂತು, ರೈಲಿನ ಜೊತೆ ಪಟ್ಟಣಗಳ ಗಾಳಗಾರರು ಬಂದರು. ಒಂದೇ ದಾರಕ್ಕೆ ಎರಡು ಮೂರು ಗಾಳ ಕಟ್ಟಿದರೆ ಎರಡು ಮೂರು ಮೀನು ಒಟ್ಟಿಗೇ ಕಚ್ಚುತ್ತಿದ್ದವು. ಅಷ್ಟು ಮುಗ್ಧ ಮೀನು, ಅದೂ ಹಾಡಹಗಲಲ್ಲಿ. ಹಿಡಿದದ್ದನ್ನು ಪಟ್ಟಣಗಳ ಹೋಟೆಲುಗಳಿಗೆ ರೈಲಿನಲ್ಲಿ ಕಳಿಸಿದರು.

ಗಾಳಕ್ಕಿಂತ ದೊಡ್ಡ ಪೆಟ್ಟು ಕೊಟ್ಟದ್ದು ಕೊಡಲಿ. ಮಿಷಿಗನ್ನಿನ ಬಿಳಿ ಪೈನ್ ಕಾಡುಗಳ ನಾಟದಿಂದಲೇ ಮಧ್ಯ ಅಮೆರಿಕದ ಎಷ್ಟೋ ಊರುಗಳು ಎದ್ದವು. 1871ರಲ್ಲಿ ಬೆಂಕಿಗೆ ಬೂದಿಯಾದ ಶಿಕಾಗೊ ಮತ್ತೆ ಎದ್ದು ನಿಂತಾಗಲೂ ಇಲ್ಲಿನ ಮರ ಹೋಯಿತು. ಚಳಿಗಾಲದಲ್ಲಿ ಕಡಿದು ದಡದಲ್ಲಿ ಪೇರಿಸಿದ ದಿಮ್ಮಿಗಳನ್ನು ವಸಂತದ ನೆರೆ ನೀರಿಗೆ ಉರುಳಿಸಿ, ಕೆಳಗಿನ ಮಿಲ್ಲುಗಳಿಗೆ ತೇಲಿಬಿಡುತ್ತಿದ್ದರು. ಗ್ರೇಲಿಂಗ್ ಮೊಟ್ಟೆಯಿಡುವುದೂ ವಸಂತದಲ್ಲೇ. ಟ್ರೌಟ್ ಬಾಲದಿಂದ ಜಲ್ಲಿಯನ್ನು ಕೆದಕಿ, ಗುಂಡಿ ಮಾಡಿ, ಮೊಟ್ಟೆಗಳ ಮೇಲೆ ಮತ್ತೆ ಜಲ್ಲಿ ಮುಚ್ಚುತ್ತದೆ. ಗ್ರೇಲಿಂಗ್‌ಗೆ ಆ ರೂಢಿಯಿಲ್ಲ, ಜಲ್ಲಿಯ ಮೇಲೇ ಬಿಟ್ಟು ಹೋಗುತ್ತದೆ. ಸಾವಿರಾರು ದಿಮ್ಮಿಗಳು ತಳವನ್ನು ಉಜ್ಜಿಕೊಂಡು ಹೋದ ಮೇಲೆ ಅಲ್ಲಿ ಏನು ಉಳಿದೀತು? ಮರ ಹೋದ ದಡದಿಂದ ಮರಳು ಕುಸಿದು ಜಲ್ಲಿಯ ಸಂದುಗಳನ್ನು ತುಂಬಿತು. ಬೇರೆ ಜಾತಿಯ ಮೀನುಗಳನ್ನು ತಂದುಬಿಟ್ಟದ್ದೂ ಅದಕ್ಕೆ ಮುಳುವಾಯಿತು. 1930ರ ದಶಕ ಮುಗಿಯುವ ಹೊತ್ತಿಗೆ ಇಡೀ ಮಿಷಿಗನ್ನಿನಲ್ಲಿ ಒಂದು ಗ್ರೇಲಿಂಗ್ ಕೂಡ ಇರಲಿಲ್ಲ.

ಊರಿನಿಂದ ಸ್ವಲ್ಪ ಉತ್ತರಕ್ಕೆ ಹಾರ್ಟ್‌ವಿಕ್ ಪೈನ್ಸ್ ಎಂಬ ಉದ್ಯಾನವಿದೆ. ಕೊಡಲಿಗೆ ಸಿಕ್ಕದೆ ಉಳಿದ ಹಳೆಯ ಬಿಳಿ ಪೈನ್‌ಗಳು ಅಲ್ಲಿ 49 ಎಕರೆಯಷ್ಟಿವೆ. ಹಗಲು ಅಲ್ಲಿ ಅಡ್ಡಾಡಿದೆ. ಒಂದೊಂದು ಮರದ ಬುಡದಲ್ಲಿ ನಿಂತು ಕತ್ತೆತ್ತಿದರೆ ತುದಿ ಕಾಣುವುದಿಲ್ಲ. ಇಂಥ ಕಾಡು ಒಂದು ಕಾಲಕ್ಕೆ ದಿನಗಟ್ಟಲೆ ನಡೆದರೂ ಮುಗಿಯುತ್ತಿರಲಿಲ್ಲವಂತೆ. ಎದೆ ಭಾರವಾಯಿತು.

ಬರಿದಾಗುತ್ತಿದ್ದ ಈ ರಾಜ್ಯದ ಹೊಳೆಗಳಿಗೆ ಹೊಸ ಮೀನು ಬಂದದ್ದು ಸಮುದ್ರ ದಾಟಿ. 1880ರಲ್ಲಿ ಬರ್ಲಿನ್ನಿನಲ್ಲಿ ನಡೆದ ಮೀನುಗಾರಿಕೆಯ ಅಂತರರಾಷ್ಟ್ರೀಯ ಪ್ರದರ್ಶನಕ್ಕೆ ಅಮೆರಿಕದಿಂದ ಫ್ರೆಡ್ ಮ್ಯಾದರ್ ಎಂಬ ಮೀನುಸಾಕಣೆಯ ತಜ್ಞ ಹೋಗಿದ್ದ. ಅಲ್ಲಿ ಪರಿಚಯವಾದವನು ಬ್ಯಾರನ್ ಫಾನ್ ಬೇರ್. ಜರ್ಮನಿಯ ಕಂದು ಟ್ರೌಟ್‌ಗೆ ಮ್ಯಾದರ್ ಮನಸೋತ. 1883ರಲ್ಲಿ ಬ್ಯಾರನ್ ಕಳಿಸಿದ ಮೊಟ್ಟೆಗಳು ಹಡಗಿನಲ್ಲಿ ನ್ಯೂಯಾರ್ಕಿಗೆ ಬಂದವು. ಅವುಗಳಲ್ಲಿ ಒಂದು ಪಾಲು ಮಿಷಿಗನ್ನಿನ ನಾರ್ತ್‌ವಿಲ್ ಮೀನುಮರಿ ಕೇಂದ್ರ ಸೇರಿತು. 1884ರ ಏಪ್ರಿಲ್‌ನಲ್ಲಿ, ಅಲ್ಲಿ ಬೆಳೆದ ಸುಮಾರು 4,900 ಮರಿಗಳನ್ನು ರಾಜ್ಯದ ಪಶ್ಚಿಮದ ಪೆರ್ ಮಾರ್ಕೆಟ್ ನದಿಯ ಒಂದು ಕವಲಿಗೆ ಬಿಟ್ಟರು. ಅಮೆರಿಕದ ನೆಲದಲ್ಲಿ ಕಂದು ಟ್ರೌಟ್‌ನ ಸಂಸಾರ ಶುರುವಾದದ್ದು ಅಲ್ಲಿಂದ. ಓ ಸಾಬಲ್‌ಗೂ ಅದು ಬಂದು ನೆಲೆಯೂರಿತು.

ಜನ ಈ ಹೊಸಬನನ್ನು ಪ್ರೀತಿಯಿಂದ ಬರಮಾಡಿಕೊಳ್ಳಲಿಲ್ಲ. ಕೈಗೆ ಸಿಕ್ಕುವುದಿಲ್ಲ, ಸ್ವಂತ ಕುಲದ ಮರಿಗಳನ್ನೂ ತಿನ್ನುತ್ತದೆ ಎಂಬ ದೂರುಗಳಿದ್ದವು. ದೂರಿನಲ್ಲಿ ಸುಳ್ಳೇನಿಲ್ಲ. ಶತಮಾನಗಳ ಕಾಲ ಯುರೋಪಿನ ಗಾಳಗಳ ನಡುವೆ ಬದುಕಿದ ಮೀನು ಅದು. ದೊಡ್ಡದಾದಷ್ಟೂ ಅನುಮಾನ ಹೆಚ್ಚು. ಹಗಲೆಲ್ಲ ಬಿದ್ದ ಮರದ ಕೆಳಗೆ, ದಡದ ಪೊಟರೆಯಲ್ಲಿ ಅಲುಗಾಡದೆ ಇರುತ್ತದೆ. ಬಕ, ನೀರುನಾಯಿ, ಮನುಷ್ಯ, ಯಾರ ನೆರಳೂ ಅದಕ್ಕೆ ಆಗದು. ಕತ್ತಲಾದ ಮೇಲೆ ಅದೇ ಮೀನು ಪೂರ್ತಿ ಬೇರೆಯಾಗಿಬಿಡುತ್ತದೆ. ಆಳ ಬಿಟ್ಟು ತೆಳುನೀರಿಗೆ ಬರುತ್ತದೆ, ಸಣ್ಣ ಮೀನು ಅಟ್ಟುತ್ತದೆ, ಹೊಳೆ ದಾಟುವ ಇಲಿಯನ್ನೂ ನುಂಗುತ್ತದೆ. ಗ್ರೇಲಿಂಗ್‌ನ ಹೊಳೆಯಲ್ಲಿ ಗಾಳಗಾರ ಸಂಜೆಗೆ ಮನೆ ಸೇರಬಹುದಿತ್ತು. ಕಂದು ಟ್ರೌಟ್ ಬಂದ ಮೇಲೆ, ದೊಡ್ಡ ಮೀನು ಬೇಕೆಂದವನು ಇರುಳಿಗೆ ಕಾಯಬೇಕಾಯಿತು. ಹೊತ್ತು ಗೊತ್ತುಮಾಡಿದ್ದು ಮೀನು.

ಆ ಇರುಳಿಗೆ ಒಂದು ಹಬ್ಬವನ್ನೂ ಕೂಡಿಸಿದ್ದು ಒಂದು ಹುಳ. ಅದರ ಶಾಸ್ತ್ರೀಯ ಹೆಸರು ಹೆಕ್ಸಾಜೀನಿಯಾ ಲಿಂಬಾಟಾ. ಇಲ್ಲಿನವರ ಬಾಯಲ್ಲಿ ಬರೀ ‘ಹೆಕ್ಸ್’. ಮೇಫ್ಲೈ ಜಾತಿಯ ದೊಡ್ಡ ಹಳದಿ ಹುಳ, ಹೆಬ್ಬೆರಳಿನಷ್ಟು ಉದ್ದ. ಮರಿಯಾಗಿದ್ದಾಗ ಹೊಳೆಯಂಚಿನ ಮೆತ್ತನೆ ಕೆಸರಿನಲ್ಲಿ ಬಿಲ ತೋಡಿಕೊಂಡು ವರ್ಷಕ್ಕೂ ಮೀರಿ ಬದುಕುತ್ತದೆ. ಜೂನ್ ಮಧ್ಯದಿಂದ ಜುಲೈ ಮೊದಲ ವಾರದವರೆಗೆ, ಗಾಳಿಯಿಲ್ಲದೆ ಸೆಕೆ ಕಟ್ಟಿದ ರಾತ್ರಿಗಳಲ್ಲಿ, ಕೆಸರು ಬಿಟ್ಟು ಮೇಲೇರಿ, ನೀರಿನ ಮೇಲೆ ಚರ್ಮ ಸೀಳಿ, ರೆಕ್ಕೆ ಬಿಚ್ಚಿ ಹಾರುತ್ತದೆ. ಮರದ ಎಲೆಗಳಲ್ಲಿ ಕೂತು ಇನ್ನೊಮ್ಮೆ ಪೊರೆ ಕಳಚುತ್ತದೆ. ರೆಕ್ಕೆ ಬಂದ ಮೇಲೂ ಪೊರೆ ಬಿಡುವ ಕೀಟ ಮೇಫ್ಲೈ ಒಂದೇ. ಆಮೇಲೆ ಅದು ಏನನ್ನೂ ತಿನ್ನುವುದಿಲ್ಲ, ತಿನ್ನುವ ಬಾಯಿಯೇ ಇಲ್ಲ. ಹೊಳೆಯ ಮೇಲೆ ಕೂಡಿ, ಮೊಟ್ಟೆ ಚೆಲ್ಲಿ, ರೆಕ್ಕೆ ಚಾಚಿ ನೀರಿಗೆ ಬೀಳುತ್ತದೆ. ಎರಡು ದಿನದ ಆಕಾಶ, ಅಷ್ಟೆ.

ಮಳೆ ಬಿದ್ದ ಸಂಜೆ ನಮ್ಮ ಮನೆಯ ದೀಪಕ್ಕೆ ಮುತ್ತುವ ಈಸಲು ಹುಳ ನೆನಪಾಯಿತು. ಅಂಗಳದಲ್ಲಿ ಕೋಳಿಗಳಿಗೆ ಎಂಥ ಸಂಭ್ರಮವೋ ಇಲ್ಲಿ ಟ್ರೌಟ್‌ಗಳಿಗೆ ಅಂಥ ಸಂಭ್ರಮ. ಹುಳಗಳು ತಲೆಯ ಮೇಲೆ ಬಂದಾಗ ರೆಕ್ಕೆಗಳ ಸದ್ದು ಒಣಗಿದ ಎಲೆಯ ಮೇಲೆ ಜಿಟಿಜಿಟಿ ಮಳೆ ಬಿದ್ದಂತೆ ಕೇಳುತ್ತದೆ. ಒಂದು ನನ್ನ ಕುತ್ತಿಗೆಯ ಮೇಲೆ ಕೂತಿತು, ಇನ್ನೊಂದು ಕೈಯ ಮೇಲೆ. ಮೆತ್ತಗೆ ತೆಗೆದು ನೋಡಿದರೆ ಬಾಲದಲ್ಲಿ ಎರಡು ಉದ್ದನೆ ಎಳೆಗಳು, ಗಾಜಿನಂಥ ರೆಕ್ಕೆಯಲ್ಲಿ ಕಂದು ನರಗಳ ಜಾಲ. ವರ್ಷವೆಲ್ಲ ಪೊಟರೆ ಬಿಡದ ಮೀನು ಈ ಕೆಲವು ರಾತ್ರಿಗಳಲ್ಲಿ ಮೈಮರೆಯುತ್ತದೆ.

ಇಲ್ಲಿ ಗಾಳಕ್ಕೆ ಕಟ್ಟುವ ‘ಫ್ಲೈ’ ಎಂದರೆ ಇಂಥ ಹುಳದ ಪ್ರತಿರೂಪ. ಕೊಕ್ಕೆಯ ಮೇಲೆ ಹಳದಿ ಬಣ್ಣ ಹಾಕಿದ ಜಿಂಕೆಯ ಕೂದಲು ಸುತ್ತಿ, ರೆಕ್ಕೆಗೆ ಬಿಳಿ ಕುಚ್ಚು ಕಟ್ಟುತ್ತಾರೆ. ಜಿಂಕೆಯ ಕೂದಲಿನೊಳಗೆ ಗಾಳಿ ಇರುವುದರಿಂದ ಅದು ತೇಲುತ್ತದೆ. ಹಿರಿಯರು ಕಟ್ಟಿದ್ದ ಫ್ಲೈಗೂ ನನ್ನ ಕೈಮೇಲಿದ್ದ ಹುಳಕ್ಕೂ ಅಂಗೈಯಲ್ಲಿ ಹೆಚ್ಚು ವ್ಯತ್ಯಾಸ ತಿಳಿಯಲಿಲ್ಲ. ಹುಳಕ್ಕೆ ಭಾರವಿಲ್ಲ, ಫ್ಲೈಗೂ ಇಲ್ಲ. ಆದ್ದರಿಂದ ಎಸೆಯುವುದು ಗಾಳವನ್ನಲ್ಲ, ದಪ್ಪನೆಯ ದಾರವನ್ನು. ಹಗಲಿನಲ್ಲಾದರೆ ದಾರ ಗಾಳಿಯಲ್ಲಿ ಬಿಚ್ಚಿಕೊಳ್ಳುವುದನ್ನು ನೋಡಬಹುದು. ರಾತ್ರಿ ಅದು ಕೈಗೆ ತಿಳಿಯಬೇಕು. ಅದಕ್ಕೇ ಬೆಳಕಿರುವಾಗಲೇ ಬಂದು ಜಾಗ ಹಿಡಿದು, ಎದುರು ದಡಕ್ಕೆ ಎಷ್ಟು ದಾರ ಬೇಕೆಂದು ಅಳೆದು, ಎಷ್ಟು ತೋಳು ಎಂದು ಎಣಿಸಿ ನೆನಪಿಟ್ಟುಕೊಳ್ಳುತ್ತಾರೆ. ಜೂನ್‌ನಲ್ಲಿ ಅಲ್ಲಿ ಹೊತ್ತು ಮುಳುಗುವುದೇ ಒಂಬತ್ತೂವರೆಗೆ. ಅಲ್ಲಿವರೆಗೆ ದಡದಲ್ಲಿ ಕೂತು ಸೊಳ್ಳೆ ಹೊಡೆಯುತ್ತ ಹರಟೆ. ಗೆಳೆಯ ಡಬ್ಬಿಯಲ್ಲಿ ತಂದಿದ್ದ ಚಿತ್ರಾನ್ನ ಐದು ಪಾಲಾಯಿತು.

ಗೆಳೆಯರಿಲ್ಲದೆ ಈ ಕೆಲಸಕ್ಕೆ ಇಳಿಯಬಾರದು ಎಂದು ಹಿರಿಯರು ಖಡಾಖಂಡಿತವಾಗಿ ಹೇಳಿದರು. ಕತ್ತಲಲ್ಲಿ ಹೊಳೆಯ ಗುಂಡಿ ಕಾಣುವುದಿಲ್ಲ, ಮುಳುಗಿದ ಬೊಡ್ಡೆ ಕಾಣುವುದಿಲ್ಲ. ಆಗಾಗ ಒಬ್ಬರು ಕೂಗಬೇಕು, ಇನ್ನೊಬ್ಬರು ಓಗೊಡಬೇಕು. ಇನ್ನೊಂದು ಕಟ್ಟುನಿಟ್ಟು: ಒಬ್ಬ ಕಾದು ಕೂತ ಮೀನಿಗೆ ಇನ್ನೊಬ್ಬ ಫ್ಲೈ ಎಸೆಯಬಾರದು. ದೋಣಿ ಬಂದರೆ ನಿಂತವನ ಬೆನ್ನ ಹಿಂದಿನಿಂದ ಸದ್ದಿಲ್ಲದೆ ಹೋಗಬೇಕು. ಆ ದೋಣಿಗೂ ಈ ಹೊಳೆಯ ಹೆಸರೇ ಇದೆ. ಉದ್ದ, ಕಿರಿದು, ಚಪ್ಪಟೆ ತಳ. ಹಿಂದೆ ಕೂತವನು ಗಳದಿಂದ ನಡೆಸುತ್ತಾನೆ. ನಾಟದ ಕಾಲದಲ್ಲಿ ಸಾಮಾನು ಸಾಗಿಸಲು ಹುಟ್ಟಿದ ದೋಣಿ, ಕಾಡು ಮುಗಿದ ಮೇಲೆ ಗಾಳಗಾರರನ್ನು ಹೊತ್ತಿತು.

ಹೊಳೆ ತಾನಾಗಿ ಚೇತರಿಸಿಕೊಳ್ಳಲಿಲ್ಲ, ಅದಕ್ಕಾಗಿ ಜಮೀನು ಬಿಟ್ಟುಕೊಟ್ಟವರಿದ್ದರು. ನಮ್ಮ ಮನೆಗಳಲ್ಲೂ ಹೆಸರಾದ ಕೆಲ್ವಿನೇಟರ್ ಫ್ರಿಜ್ ಮತ್ತು ನ್ಯಾಶ್ ಕಾರು ತಯಾರಿಸುತ್ತಿದ್ದ ಕಂಪನಿಯ ಮುಖ್ಯಸ್ಥ ಜಾರ್ಜ್ ಮೇಸನ್, ದಕ್ಷಿಣದ ಕವಲಿನ ದಡದಲ್ಲಿದ್ದ ಸುಮಾರು 1,500 ಎಕರೆ ಜಮೀನನ್ನು ರಾಜ್ಯಕ್ಕೆ ಬರೆದಿಟ್ಟು 1954ರಲ್ಲಿ ತೀರಿಕೊಂಡ. ಈಗಲೂ ಅಲ್ಲಿ ಮನೆಗಳಿಲ್ಲ, ಕಾಡಿದೆ. 1959ರ ಜುಲೈನಲ್ಲಿ ಅವನ ಸ್ನೇಹಿತ ಜಾರ್ಜ್ ಗ್ರಿಫಿತ್‌ನ ಹೊಳೆದಂಡೆಯ ಮನೆಯಲ್ಲಿ ಒಂದಷ್ಟು ಗಾಳಗಾರರು ಸೇರಿ ‘ಟ್ರೌಟ್ ಅನ್‌ಲಿಮಿಟೆಡ್’ ಕಟ್ಟಿದರು. ಸಾಕಿದ ಮೀನನ್ನು ತಂದು ಸುರಿಯುವುದು ಸಾಕು, ಹೊಳೆಯನ್ನು ನೋಡಿಕೊಂಡರೆ ಮೀನು ತಾನೇ ಬೆಳೆಯುತ್ತದೆ ಎಂಬುದು ಅವರ ವಾದ. ನನಗೆ ಇದು ಈ ಹೊಳೆಯ ಕತೆಯಲ್ಲಿ ಎಲ್ಲಕ್ಕಿಂತ ದೊಡ್ಡ ತಿರುವು ಅನ್ನಿಸುತ್ತದೆ. ಗ್ರೇಲಿಂಗ್ ಊರಿನ ಕೆಳಗಿನ ಸುಮಾರು ಎಂಟು ಮೈಲಿಯನ್ನು ಇಲ್ಲಿನವರು ‘ಪವಿತ್ರ ಜಲ’ ಎಂದೇ ಕರೆಯುತ್ತಾರೆ. ಅಲ್ಲಿ ಫ್ಲೈ ಮಾತ್ರ ಬಳಸಬೇಕು, ಹಿಡಿದ ಮೀನನ್ನು ಹೊಳೆಗೇ ಬಿಡಬೇಕು.

ನಮ್ಮ ಮೀನು ಸೀಡರ್ ಮರದ ಕೆಳಗೆ ಹೀರುತ್ತಲೇ ಇತ್ತು. ಗೆಳೆಯ ಎರಡು ಸಲ ಎಸೆದ, ಏನೂ ಆಗಲಿಲ್ಲ. ಮೂರನೆಯ ಸಲ ಎಸೆದು ಮನಸ್ಸಿನಲ್ಲೇ ಫ್ಲೈ ತೇಲುವ ದಾರಿ ಎಣಿಸುತ್ತಿದ್ದವನು, ಸದ್ದು ಕೇಳಿದೊಡನೆ ಕೋಲು ಎತ್ತಿದ. ಕತ್ತಲೊಳಗೆ ಯಾರೋ ದೊಡ್ಡ ಕಲ್ಲು ಎತ್ತಿ ಹಾಕಿದಂತೆ ನೀರು ಒಡೆಯಿತು. ರೀಲು ಕಿರುಚಿತು. ‘ಮರದ ಕಡೆ ಬಿಡಬೇಡ, ಮರದ ಕಡೆ ಬಿಡಬೇಡ’ ಎಂದು ಕಾಣದ ಮೂರು ಕಡೆಯಿಂದ ಮೂರು ದನಿ. ಹತ್ತು ನಿಮಿಷವಾಗಿರಬಹುದು. ಬಲೆಗೆ ಬಂದ ಮೇಲೆ ಕೆಂಪು ಬೆಳಕು ಹಚ್ಚಿದರು. ಮೊಣಕೈಯಿಂದ ಬೆರಳ ತುದಿವರೆಗಿನ ಉದ್ದ, ಹೊಟ್ಟೆ ಬೆಣ್ಣೆಯ ಬಣ್ಣ, ಪಕ್ಕೆಯಲ್ಲಿ ಉಂಗುರ ಬರೆದ ಚುಕ್ಕೆಗಳು. ಬಾಯಿಯಂಚಿನಲ್ಲಿ ನುಂಗಿ ಮುಗಿಯದ ಹೆಕ್ಸ್ ರೆಕ್ಕೆಯೊಂದು ಅಂಟಿಕೊಂಡಿತ್ತು. ಗೆಳೆಯ ಅದನ್ನು ಹೊಳೆಯ ಸೆಳವಿಗೆ ಮುಖ ಮಾಡಿ ಹಿಡಿದ. ಕಿವಿರು ಎರಡು ಮೂರು ಸಲ ತೆರೆದು ಮುಚ್ಚಿತು. ಅಂಗೈ ಖಾಲಿಯಾಯಿತು.

ವಾಪಸು ಕಾರಿನಲ್ಲಿ ಹಿರಿಯರು ಇನ್ನೊಂದು ವಿಷಯ ಹೇಳಿದರು. 2016ರಲ್ಲಿ ರಾಜ್ಯ ಸರ್ಕಾರವೂ ಲಿಟಲ್ ರಿವರ್ ಬ್ಯಾಂಡ್ ಎಂಬ ಒಡಾವಾ ಮೂಲನಿವಾಸಿ ಸಮುದಾಯವೂ ಸೇರಿ ಗ್ರೇಲಿಂಗ್ ಮೀನನ್ನು ಮಿಷಿಗನ್ನಿಗೆ ಮರಳಿ ತರುವ ಕೆಲಸ ಶುರುಮಾಡಿವೆ. ಅಲಾಸ್ಕಾದಿಂದ ಮೊಟ್ಟೆ ತಂದು ಬೆಳೆಸಿದ ಮೀನುಗಳು ಈಗ ತಾವೇ ಮೊಟ್ಟೆಯಿಡುವಷ್ಟು ದೊಡ್ಡವಾಗಿವೆ. 2025ರಿಂದ ಆ ಮೊಟ್ಟೆಗಳು ಹೊಳೆಗಳನ್ನು ಸೇರುತ್ತಿವೆ.

ಗೆಳೆಯ ಬಹಳ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದ: ‘ಅದು ಹಗಲಿನ ಮೀನಲ್ವಾ? ಬಂದ್ರೆ ಮಗಳನ್ನೂ ಕರ್ಕೊಂಡು ಬರ್ಬೋದು. ಇಷ್ಟು ಹೊತ್ತು ಅವಳಿಗೆ ಎಚ್ಚರ ಇರಕ್ಕಾಗಲ್ಲ.’