ಒಲೆ ಬೇರೆಯಾಯಿತು, ಕೆಂಡ ಆರಲಿಲ್ಲ

1999ರ ಸೆಪ್ಟೆಂಬರ್ 1ರಂದು ಅಮೆರಿಕದ ಟೆಕ್ಸಾಸ್ ರಾಜ್ಯದ ಲಾಕ್‌ಹಾರ್ಟ್ ಊರಿನ ಬೀದಿಯಲ್ಲಿ ಒಂದು ತಗಡಿನ ತೊಟ್ಟಿಯನ್ನು ಎಳೆದುಕೊಂಡು ಹೋದರು. ತೊಟ್ಟಿಯ ತುಂಬ ನಿಗಿನಿಗಿ ಕೆಂಡ. ಕ್ರೈಟ್ಸ್ ಮಾರ್ಕೆಟ್ ಎಂಬ ಬಾರ್ಬೆಕ್ಯೂ ಹೋಟೆಲಿನ ಹಳೆಯ ಒಲೆಯಿಂದ ಹೊರಟ ಆ ಬೆಂಕಿ, ಅದೇ ಊರಿನಲ್ಲಿ ಹೊಸದಾಗಿ ಕಟ್ಟಿದ ಕಟ್ಟಡದ ಒಲೆ ಸೇರಿತು. ಹೊಸ ಹೋಟೆಲಿನ ಪ್ರಾರಂಭೋತ್ಸವ ಆದದ್ದು ಹೀಗೆ.

ಮನೆ ಪಾಲಾದರೆ ನಮ್ಮ ಹಳ್ಳಿಗಳಲ್ಲಿ ‘ಒಲೆ ಬೇರೆಯಾಯಿತು’ ಎನ್ನುತ್ತಾರೆ. ಲಾಕ್‌ಹಾರ್ಟ್‌ನಲ್ಲಿ ಆದದ್ದೂ ಅದೇ. 1948ರಲ್ಲಿ ಕ್ರೈಟ್ಸ್ ಕುಟುಂಬದಿಂದ ಅಂಗಡಿಯನ್ನು ಕೊಂಡವರು ಅಲ್ಲೇ ಕೆಲಸಕ್ಕಿದ್ದ ಎಡ್ಗರ್ ಶ್ಮಿಟ್. ಊರವರ ಬಾಯಲ್ಲಿ ‘ಸ್ಮಿಟಿ’. ವ್ಯಾಪಾರ ಗಂಡುಮಕ್ಕಳ ಕೈಗೆ ಹೋಯಿತು, ಕಟ್ಟಡ ಮಗಳು ನೀನಾ ಅವರ ಪಾಲಿಗೆ ಬಂತು. ಬಾಡಿಗೆಯ ಮಾತು ಕೂಡಿಬರಲಿಲ್ಲ. ಮಗ ರಿಕ್ ಹೆಸರನ್ನೂ ಕೆಂಡವನ್ನೂ ಕಟ್ಟಿಕೊಂಡು ಹೊರಬಿದ್ದರು. ನೀನಾ ಹಳೆಯ ಕಟ್ಟಡದಲ್ಲೇ ಅಪ್ಪನ ಹೆಸರಿನಲ್ಲಿ ‘ಸ್ಮಿಟೀಸ್ ಮಾರ್ಕೆಟ್’ ತೆರೆದರು. ಜಗಳ ಬೀದಿಗೆ ಬಂದರೂ ರುಚಿ ಕೆಡಲಿಲ್ಲ. ಊರಿಗೆ ಎರಡು ಒಳ್ಳೆಯ ಹೋಟೆಲುಗಳಾದವು.

ಕ್ರೈಟ್ಸ್ ಶುರುವಾದದ್ದು 1900ರಲ್ಲಿ, ಮಾಂಸ ಮತ್ತು ದಿನಸಿ ಅಂಗಡಿಯಾಗಿ. ಜರ್ಮನಿ, ಚೆಕ್ ನಾಡುಗಳಿಂದ ವಲಸೆ ಬಂದ ಕಟುಕರು ಟೆಕ್ಸಾಸಿನ ಈ ಭಾಗದಲ್ಲಿ ಇಂಥ ಅಂಗಡಿಗಳನ್ನು ಇಟ್ಟಿದ್ದರು. ಆಗಿನ್ನೂ ಫ್ರಿಜ್ ಇಲ್ಲ. ಮಾರಾಟವಾಗದೆ ಉಳಿದ ಮಾಂಸ ಕೆಡದಂತೆ ಹಿತ್ತಲಿನ ಒಲೆಯಲ್ಲಿ ಹೊಗೆಗೆ ಇಡುತ್ತಿದ್ದರು. ಹತ್ತಿ ಬಿಡಿಸಲು ಬಂದ ಕೂಲಿಗಳು ಅದನ್ನು ತೂಕದ ಮೇಲೆ ಕೊಂಡು, ಕಟ್ಟಿಕೊಟ್ಟ ಕಾಗದವನ್ನೇ ಬಿಚ್ಚಿ ಹಾಸಿಕೊಂಡು ಕೈಯಲ್ಲೇ ತಿಂದರು. ಇಂದು ದೊಡ್ಡ ದೊಡ್ಡ ನಗರಗಳ ಹೊಸ ಬಾರ್ಬೆಕ್ಯೂ ಹೋಟೆಲುಗಳು ಮುತುವರ್ಜಿಯಿಂದ ಹಾಸಿಕೊಡುವ ಕಂದು ಕಾಗದದ ಮೂಲ ಆ ಬಡವರ ಊಟ. ಇದನ್ನು ಮರೆಯಬಾರದು.

ಸ್ಮಿಟೀಸ್‌ನ ಒಳಗೆ ಹೋದವರಿಗೆ ಮೊದಲು ತಾಗುವುದು ಕಾವು. ಇಟ್ಟಿಗೆಯ ಉದ್ದನೆಯ ಒಲೆಗಳ ತುದಿಯಲ್ಲಿ, ನೆಲದ ಮೇಲೇ ಓಕ್ ಸೌದೆ ಧಗಧಗ ಉರಿಯುತ್ತಿರುತ್ತದೆ. ಗಿರಾಕಿಗಳ ಸಾಲು ಅದರ ಪಕ್ಕದಲ್ಲೇ ಹಾದುಹೋಗಬೇಕು. ಗೋಡೆಗೆ ನೂರು ವರ್ಷದ ಮಸಿ. ಹಿಂದೆ ಇಲ್ಲಿ ಗಿರಾಕಿಗಳು ಬಳಸುವ ಚಾಕುಗಳನ್ನು ಸರಪಳಿಯಿಂದ ಮೇಜಿಗೆ ಬಿಗಿದಿದ್ದರು. ಫೋರ್ಕ್ ಕೊಡುವ ವಾಡಿಕೆಯೇ ಇರಲಿಲ್ಲ. ಕ್ರೈಟ್ಸ್‌ನಲ್ಲಿ ಸಾಸ್ ಕೂಡ ದಶಕಗಳ ಕಾಲ ನಿಷಿದ್ಧವಾಗಿತ್ತು. ಉಪ್ಪು, ಕರಿಮೆಣಸು, ಒಂದಿಷ್ಟು ಖಾರದ ಪುಡಿ, ಹೊಗೆ: ಮಸಾಲೆ ಇಷ್ಟೇ. ಮಾಂಸ ಚೆನ್ನಾಗಿದ್ದರೆ ಇನ್ನೇನು ಬೇಕು ಎನ್ನುವ ಈ ಹಟ ಗೌರವಕ್ಕೆ ಅರ್ಹವಾದದ್ದು.

ಟೆಕ್ಸಾಸ್ ಬಾರ್ಬೆಕ್ಯೂ ಎಂದರೆ ಬ್ರಿಸ್ಕೆಟ್, ಅಂದರೆ ದನದ ಎದೆಭಾಗದ ಮಾಂಸ. ದನಕ್ಕೆ ಕೊರಳೆಲುಬು ಇಲ್ಲದ್ದರಿಂದ ಮೈಭಾರದ ದೊಡ್ಡ ಪಾಲನ್ನು ಈ ಸ್ನಾಯುಗಳೇ ಹೊರುತ್ತವೆ. ದುಡಿದ ಸ್ನಾಯು ಗಟ್ಟಿ. ಅವಸರದಲ್ಲಿ ಸುಟ್ಟರೆ ಚರ್ಮದ ಹಾಗೆ ಜಗಿಯಬೇಕು. ಹೆಚ್ಚಿನ ಹೋಟೆಲುಗಳು ಸುಮಾರು 120 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ 12 ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು ಹೊತ್ತು ಬೇಯಿಸುತ್ತವೆ. ಮಾಂಸದ ಒಳಗಿನ ಕಾವು 70 ಡಿಗ್ರಿಯ ಆಸುಪಾಸಿಗೆ ಬಂದು ಗಂಟೆಗಟ್ಟಲೆ ನಿಂತುಬಿಡುತ್ತದೆ: ಬೆವರಿದ ಮೈ ಗಾಳಿಗೆ ತಣಿಯುವಂತೆ, ಮೇಲೆ ಆರುವ ನೀರು ಮಾಂಸವನ್ನು ತಣಿಸುತ್ತಿರುತ್ತದೆ. ಆಗ ಉರಿ ಜೋರು ಮಾಡುವ ಆಸೆಯನ್ನು ತಡೆದುಕೊಂಡು ಕಾದವನಿಗೆ, ಗಟ್ಟಿ ನಾರು ನಿಧಾನವಾಗಿ ಕರಗಿ ಅಂಟಿನಂಥ ರಸವಾಗುತ್ತದೆ. ಕೊಯ್ದ ಹೋಳನ್ನು ಬೆರಳ ಮೇಲಿಟ್ಟರೆ ಎರಡೂ ಕಡೆ ಬಾಗಿ ಇಳಿಯಬೇಕು, ತುಂಡಾಗಬಾರದು. ಅಂಚಿನಲ್ಲಿ ಕಪ್ಪು ಹೊರಪದರ, ಅದರ ಕೆಳಗೆ ಹೊಗೆ ಬರೆದ ಗುಲಾಬಿ ಗೆರೆ. ಹೋಳಿನ ಕೆಳಗಿನ ಕಾಗದ ನೋಡನೋಡುತ್ತಿದ್ದಂತೆ ಜಿಡ್ಡು ಹೀರಿ ಪಾರದರ್ಶಕವಾಗುತ್ತದೆ.

1932ರಲ್ಲಿ ಶುರುವಾದ ಬ್ಲ್ಯಾಕ್ಸ್ ಎಂಬ ಬಾರ್ಬೆಕ್ಯೂ ಹೋಟೆಲು ಕೂಡ ಲಾಕ್‌ಹಾರ್ಟ್‌ನದೇ. ಇಷ್ಟೊಂದು ಹಿರಿಯರ ನಡುವೆ ಹೊಸಬರು ಅಂಗಡಿ ತೆರೆಯಲು ಧೈರ್ಯ ಬೇಕು. 2023ರಲ್ಲಿ ಚಕ್ ಚಾರ್ನಿಚಾರ್ಟ್ ಎಂಬ ಯುವತಿ ಆ ಧೈರ್ಯ ಮಾಡಿ ಲಾಕ್‌ಹಾರ್ಟ್‌ನಲ್ಲಿ ‘ಬಾರ್ಬ್ಸ್ ಬಿ ಕ್ಯೂ’ ಆರಂಭಿಸಿದರು. ಗಂಡಸರ ಕಾರ್ಯಕ್ಷೇತ್ರ ಎಂದೇ ನಡೆದುಬಂದ ಹೊಗೆಒಲೆಯ ಮುಂದೆ ಹೆಣ್ಣುಮಕ್ಕಳು ನಿಂತರು. ಮೆಕ್ಸಿಕೋ ಗಡಿಯ ಬ್ರೌನ್ಸ್‌ವಿಲ್‌ನಲ್ಲಿ ಬೆಳೆದ ಚಕ್, ಹಂದಿಯ ಪಕ್ಕೆಲುಬಿನ ಮೇಲೆ ನಿಂಬೆಸಿಪ್ಪೆಯ ತುರಿ ಉದುರಿಸಿದರು. ಮೆಕ್ಸಿಕೋ ಮನೆಗಳ ಹಬ್ಬದೂಟದ ಹಸಿರು ಸ್ಪಗೆಟಿಯನ್ನು ಬ್ರಿಸ್ಕೆಟ್ ಪಕ್ಕದಲ್ಲಿ ಬಡಿಸಿದರು. ಸಂಪ್ರದಾಯ ಕೆಟ್ಟಿತು ಎನ್ನುವವರಿಗೆ, ಬಾರ್ಬೆಕ್ಯೂ ಎಂಬ ಮಾತೇ ಕೆರಿಬಿಯನ್ ದ್ವೀಪಗಳ ತೈನೋ ಜನರ ನುಡಿಯಿಂದ ಸ್ಪ್ಯಾನಿಷ್ ಮೂಲಕ ಬಂದದ್ದು ಎಂಬುದನ್ನು ನೆನಪಿಸಬೇಕು.

ಆಸ್ಟಿನ್‌ನ ಐಟಿ ಕಂಪನಿಗಳಲ್ಲಿರುವ ಕನ್ನಡಿಗರಿಗೆ ಲಾಕ್‌ಹಾರ್ಟ್ ಸುಮಾರು 50 ಕಿಲೋಮೀಟರ್ ದಾರಿ. ಊರಿಂದ ಬಂದ ಅಪ್ಪ ಅಮ್ಮನನ್ನು ಕರೆದೊಯ್ಯುವವರು ಒಂದು ವಿಷಯ ಗಮನಿಸಬೇಕು: ಸಸ್ಯಾಹಾರಿಗಳಿಗೆ ಇಲ್ಲಿ ಆಯ್ಕೆ ಕಡಿಮೆ, ಬೀನ್ಸ್ ಪಲ್ಯದಲ್ಲೂ ಎಷ್ಟೋ ಕಡೆ ಮಾಂಸದ ಚೂರು ಬೆರೆತಿರುತ್ತದೆ, ಕೇಳಿಯೇ ಹಾಕಿಸಿಕೊಳ್ಳುವುದು ಒಳ್ಳೆಯದು. ಮತ್ತೆ, ತಡಮಾಡದೆ ಹೊರಡಬೇಕು. ರಾತ್ರಿಯಿಡೀ ಬೆಂದದ್ದು ಖಾಲಿಯಾದರೆ ಅಂದಿಗೆ ಮುಗಿಯಿತು. ಇನ್ನೊಂದು ಬ್ರಿಸ್ಕೆಟ್ ಬೇಯಲು ಮತ್ತೆ 12 ಗಂಟೆ ಬೇಕು.