ಔಷಧ ಪರೀಕ್ಷೆಯಲ್ಲಿ ಬೆಳಕೂ ಗಣಿತವೂ
ಬಡ ಹಾಗೂ ಮಧ್ಯಮಾದಾಯದ ದೇಶಗಳಲ್ಲಿ ಹತ್ತು ಔಷಧಗಳಲ್ಲಿ ಒಂದು ಕಳಪೆ ಇಲ್ಲವೆ ನಕಲಿಯೆಂದು ವಿಶ್ವ ಆರೋಗ್ಯ ಸಂಸ್ಥೆಯು 2017ರಲ್ಲಿ ಅಂದಾಜು ಮಾಡಿತು. ರೋಗಿಯು ಇದನ್ನರಿಯುವ ಬಗೆ ಹೇಗೆ?

ಮಾತ್ರೆಯ ಮೇಲೆ ಲೇಸರ್ ಕಿರಣವನ್ನು ಬಿಟ್ಟರೆ ಚದರಿ ಬರುವ ಬೆಳಕಿನಲ್ಲಿ ಅತ್ಯಲ್ಪ ಭಾಗವು ಬಣ್ಣ ಬದಲಿಸಿಕೊಂಡಿರುತ್ತದೆ. ಆ ಬದಲಾವಣೆಯು ದ್ರವ್ಯದಿಂದ ದ್ರವ್ಯಕ್ಕೆ ಬೇರೆ. 1928ರಲ್ಲಿ ಕಲ್ಕತ್ತೆಯಲ್ಲಿ ಇದನ್ನು ಕಂಡವರು ಸಿ. ವಿ. ರಾಮನ್‌ರವರು. ಆದರೆ ಒಳ್ಳೆಯ ಮಾತ್ರೆಗಳ ರೋಹಿತಗಳೂ ಪರಸ್ಪರ ತುಸು ಭಿನ್ನವಾಗಿರುವುದುಂಟು. ಎಷ್ಟು ಭೇದವು ಸಹಜ, ಎಷ್ಟು ಸಂದೇಹಾಸ್ಪದವೆಂದು ನಿರ್ಣಯಿಸುವ ಅಳತೆಗಳಲ್ಲೊಂದು ಮಹಲನೋಬಿಸ್‌ರವರು 1936ರಲ್ಲಿ ಪ್ರಕಟಿಸಿದ ‘ದೂರ’. ಇಬ್ಬರೂ ನಮ್ಮವರೇ!

ಅತ್ಯಲ್ಪ ಪ್ರಮಾಣದ ವಿಷವು ಈ ಉಪಕರಣದ ಕಣ್ಣು ತಪ್ಪಿಸಬಹುದಾದುದರಿಂದ ರಸಾಯನಶಾಲೆಯು ಬೇಕೇ ಬೇಕು. ಆದರೂ ಪಾರದರ್ಶಕ ಸೀಸೆಯನ್ನು ತೆರೆಯದೆಯೇ ಅಂಗಡಿಯಲ್ಲಿ ನಿಂತು ನೋಡಬಲ್ಲ ಸಾಧನವನ್ನು ಪ್ರತಿಯೊಬ್ಬ ಔಷಧ ಪರಿವೀಕ್ಷಕರ ಕೈಗೂ ಕೊಡಿಸುವುದು ಸರಕಾರಕ್ಕೆ ಭಾರವಾಗಲಾರದೆಂದು ನಾವು ಭಾವಿಸುತ್ತೇವೆ.